ಲಿವರ್ ಸೋತಾಗ ಮಾವ ಮರೆತದ್ದು

ನನ್ನ ಸೋದರಮಾವ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವರು. ಹೋದ ವರ್ಷ ಒಂದು ಬೆಳಿಗ್ಗೆ ಅತ್ತೆ ಚಳ್ಳಕೆರೆಯಲ್ಲಿದ್ದ ನನಗೆ ಫೋನ್ ಮಾಡಿದರು.

"ನಿಮ್ ಮಾವ ಮಗ್ಗದ ಮುಂದೆ ಕುಂತವ್ರೆ. ಲಾಳಿ ಕೈಯಾಗೈತೆ, ಏನ್ ಮಾಡ್ಬೇಕಂತ ಗೊತ್ತಾಗ್ತಿಲ್ಲ ಅಂತಾರೆ. ಬೇಗ ಬಾರವ್ವ."

ಸಿಕ್ಕ ಬಸ್ಸು ಹತ್ತಿ ಹೋದೆ. ಮಾವನ ಕಣ್ಣು ಹಳದಿಯಾಗಿತ್ತು, ಹೊಟ್ಟೆ ಉಬ್ಬಿತ್ತು. "ಇವತ್ ಯಾವ್ ವಾರ?" ಎಂದು ಮೂರು ಸಲ ಕೇಳಿದರು. ಪಕ್ಕದ ಮನೆಯವರೊಬ್ಬರು "ಕುಡಿತ ಇತ್ತೇನೋ" ಎಂದಾಗ ಅತ್ತೆ ರೇಗಿದರು. "ನಮ್ಮನೇರು ಒಂದ್ ತೊಟ್ಟು ಬಾಯಿಗ್ ಹಾಕಿಲ್ಲ!"

ಕಾರು ಮಾಡಿಕೊಂಡು ಚಿತ್ರದುರ್ಗಕ್ಕೆ ಕರೆದೊಯ್ದೆವು. ಅಲ್ಲಿನ ವೈದ್ಯೆ ಮಾವನಿಗೆ ಎರಡೂ ಕೈ ಚಾಚಿ, ವಾಹನ ನಿಲ್ಲಿಸುವ ಪೊಲೀಸರಂತೆ ಅಂಗೈ ಎತ್ತಿ ಹಿಡಿಯಲು ಹೇಳಿದರು. ಅಂಗೈಗಳು ನಿಲ್ಲಲಿಲ್ಲ. ಬೀಳುತ್ತಿದ್ದವು, ಏಳುತ್ತಿದ್ದವು, ಮತ್ತೆ ಬೀಳುತ್ತಿದ್ದವು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮುಗಿದ ಮೇಲೆ ಗೊತ್ತಾಯಿತು: ಹೆಪಟೈಟಿಸ್ ಬಿ ವೈರಸ್ ಎಷ್ಟೋ ವರ್ಷಗಳಿಂದ ಸದ್ದಿಲ್ಲದೆ ಅವರ ಲಿವರನ್ನು ಹಾಳು ಮಾಡಿತ್ತು.

ದಾಖಲಾದ ಕೂಡಲೇ ಕುಡಿಸಿದ್ದು ಭೇದಿ ಆಗುವ ಸಿರಪ್. ನನಗೆ ಸುಮ್ಮನಿರಲಾಗಲಿಲ್ಲ.

"ತಲೆ ಮಂಕಾದೋರಿಗೆ ಹೊಟ್ಟೆ ಔಷಧಿ ಯಾಕೆ ಮೇಡಂ?"

"ಕರುಳಲ್ಲಿ ಅಮೋನಿಯಾ ಅಂತ ಒಂದು ವಿಷ ಹುಟ್ಟುತ್ತೆ. ಅದನ್ನ ತೆಗೆಯೋದು ಲಿವರ್ ಕೆಲಸ. ಲಿವರ್ ಸೋತರೆ ಆ ವಿಷ ರಕ್ತ ಸೇರಿ ಮಿದುಳಿಗೆ ಹೋಗುತ್ತೆ. ಮಲ ಕಟ್ಟಿಕೊಂಡ್ರಂತೂ ಇನ್ನೂ ಹೆಚ್ಚು."

ಅತ್ತೆ ಹಣೆ ಹಣೆ ಬಡಿದುಕೊಂಡರು. ಮಾವ ನಾಲ್ಕು ದಿನದಿಂದ ಹೊರಕಡೆಗೆ ಹೋಗಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮಾವ ಎದ್ದು ಕೂತು, "ಮಗ್ಗದ ಮೇಲೆ ಬಟ್ಟೆ ಹೊದಿಸ್ದೆ ಬಂದ್ಯಾ? ಧೂಳ್ ಕೂರಲ್ವಾ?" ಎಂದು ಅತ್ತೆಯನ್ನು ಗದರಿದರು. ಅತ್ತೆ ಅಳುತ್ತಲೇ ನಕ್ಕರು. ನಾನು ಆ ಸಿರಪ್ಪಿನ ಬಾಟಲಿಯನ್ನೇ ತಿರುಗಿಸಿ ತಿರುಗಿಸಿ ನೋಡಿದೆ.

ಹೊಟ್ಟೆಯಲ್ಲಿ ತುಂಬಿಕೊಂಡಿದ್ದ ನೀರನ್ನು ಸೂಜಿ ಹಾಕಿ ತೆಗೆದರು. ಅದು ಮತ್ತೆ ತುಂಬದಂತೆ ಉಪ್ಪು ಕಡಿಮೆ ಮಾಡಬೇಕಿತ್ತು. ಬೇಳೆ, ಮೊಟ್ಟೆ ಬಿಡುವಂತಿರಲಿಲ್ಲ. ವೈರಸ್ಸಿಗೆ ದಿನಕ್ಕೊಂದು ಮಾತ್ರೆ. ಹಾಳಾದ ಲಿವರ್ ಪೂರ್ತಿ ಸರಿಹೋಗುವುದು ಕಷ್ಟ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು, ಅದೂ ಕೈಕೊಟ್ಟರೆ ಬೇರೆ ಲಿವರ್ ಜೋಡಿಸುವುದೊಂದೇ ದಾರಿ ಎಂದು ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದರು.

"ಉಪ್ಪಿಲ್ದಿದ್ ಸಾರು ಒಂದ್ ಸಾರೇನವ್ವ?" ಎಂದು ಮಾವ ನನ್ನನ್ನು ಕೇಳಿದರು. ಅತ್ತೆ ನಿಂಬೆಹುಳಿ ಹೆಚ್ಚಿಗೆ ಹಿಂಡತೊಡಗಿದರು. ಈಗ ಮಾವ ಬೆಳಿಗ್ಗೆ ಎರಡು ತಾಸು ನೇಯುತ್ತಾರೆ, ಸುಸ್ತಾದರೆ ಮಲಗುತ್ತಾರೆ.

ಈ ವೈರಸ್ ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರಬಹುದು ಎಂದು ತಿಳಿದು ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಂಡೆವು. ನನಗಿರಲಿಲ್ಲ, ಲಸಿಕೆ ಹಾಕಿದರು. ಮಾವನ ತಂಗಿಯಾದ ನನ್ನ ಅವ್ವನ ರಕ್ತದಲ್ಲಿ ಅದು ಇತ್ತು.

"ನಂಗೇನೂ ಆಗಿಲ್ವಲ್ಲೇ" ಎಂದಳು ಅವ್ವ.

"ಆಗೋಕ್ ಮುಂಚೆ ನೋಡ್ಕಳಾದು ಒಳ್ಳೇದಲ್ವೇನವ್ವ?"

ಅವ್ವನ ಲಿವರ್ ಇನ್ನೂ ಚೆನ್ನಾಗಿದೆ. ಆರು ತಿಂಗಳಿಗೊಮ್ಮೆ ಅಣ್ಣ ತಂಗಿ ಒಂದೇ ದಿನ ತೋರಿಸಿಕೊಂಡು ಬರುತ್ತಾರೆ.