ನಾನು ನುಂಗಿದ ರಾಮಣ್ಣನ ಮಾತು

ಸಾರವಾಡದ ಗಂಗವ್ವನಿಗೆ ನಾನು ಸುಳ್ಳು ಹೇಳಿದೆ. ಅದೂ ದೇವರ ಹೆಸರಿನಲ್ಲಿ, ಇನ್ನೊಬ್ಬರ ಬಾಯಾಗಿ ನಿಂತು. ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಒಂದು, ನಾನು ಕನ್ನಡದಲ್ಲಿ ಹೇಳಿದ್ದು ಇನ್ನೊಂದು. ಇಪ್ಪತ್ತು ವರ್ಷದ ಮೇಲಾಯಿತು, ಹೋದ ತಿಂಗಳವರೆಗೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಏಕೆ ಬಿಡಲಿಲ್ಲ ಎಂದರೆ — ಇರಲಿ, ಮೊದಲು ರಾಮಣ್ಣನ ವಿಷಯ ಹೇಳಬೇಕು.

ಅವರ ನಿಜವಾದ ಹೆಸರು ರಾಮ್‌ದಿನ. ಮಿಜೋರಾಮಿನವರು. ಸುವಾರ್ತೆ ಸಾರುತ್ತ ನೇಪಾಳ, ಬರ್ಮಾ, ಸಿಂಹಳ ಎಲ್ಲ ಸುತ್ತಿ, ಬುದ್ಧನ ಗುಡಿ, ಮಸೀದಿ, ಶಿವಾಲಯಗಳ ನಡುವೆ ತಿರುಗಾಡಿ, ಕೊನೆಗೆ ನಮ್ಮ ಊರಿಗೆ ಬಂದಿದ್ದರು. ಆಗಿನ್ನೂ ಬಿಜಾಪುರ ಎನ್ನುತ್ತಿದ್ದೆವು. ಸೊಲ್ಲಾಪುರ ರಸ್ತೆಯ ಗ್ಯಾರೇಜೊಂದರ ಮೇಲೆ ಅವರ ಖೋಲಿ. ನಮ್ಮ ಜನ ಮುಖ ನೋಡಿ ಗೂರ್ಖಾ ಅಂದರು, ಹೆಸರು ಕೇಳಿ ರಾಮಣ್ಣ ಅಂದರು. ಯೇಸುವಿನ ಸುದ್ದಿ ಹೇಳಲು ರಾಮಣ್ಣ ಬಂದಾನ ಎಂದು ಟಿಕೋಟಾದ ಚಹಾದಂಗಡಿಯಲ್ಲಿ ಬಿದ್ದು ಬಿದ್ದು ನಕ್ಕರು. ರಾಮಣ್ಣನೂ ನಕ್ಕರು. ತಮ್ಮ ಭಾಷೆಯಲ್ಲಿ ‘ರಾಮ್’ ಎಂದರೆ ನಾಡು, ಈ ನಾಡಿನವರು ಅಣ್ಣ ಅಂದರಲ್ಲ, ಇನ್ನೇನು ಬೇಕು ಎನ್ನುತ್ತಿದ್ದರು.

ನಾನು ಅವರ ದುಭಾಷಿ. ಅಜ್ಜನ ಕಾಲದಿಂದ ಚರ್ಚಿಗೆ ಹೋಗುವ ಮನೆತನ ನಮ್ಮದು. ಇಂಗ್ಲಿಷ್ ಎಂ.ಎ. ಮುಗಿಸಿ ನೌಕರಿ ಸಿಗದೆ ಕೂತಿದ್ದೆ. ಎಂಥ ದಿನಗಳವು! ಅಥಣಿ ರಸ್ತೆಯಲ್ಲಿ ಈಗಿನ ಲೇಔಟುಗಳಿಲ್ಲ. ಊರು ದಾಟಿದರೆ ಜೋಳದ ಹೊಲ, ದ್ರಾಕ್ಷಿ ತೋಟ, ತಣ್ಣಗಿನ ಗಾಳಿ. ಹಳೆಯ ಜೀಪು ಕೆಟ್ಟು ನಿಂತಾಗಲೆಲ್ಲ ಯಾರದೋ ಹೊಲದಲ್ಲಿ ಎಳೆ ಜೋಳ ಸುಟ್ಟು ಸೀತನಿ ಕೊಡುತ್ತಿದ್ದರು. ರಾಮಣ್ಣ ಬೊಗಸೆ ಒಡ್ಡಿ ತಿನ್ನುತ್ತ, ಹೊಲದವರು ಕೇಳಿದ್ದಕ್ಕೆಲ್ಲ ತಾವು ಕಲಿತ ಮೊದಲ ಕನ್ನಡ ಪದದಲ್ಲೇ ಉತ್ತರ ಕೊಡುತ್ತಿದ್ದರು: ‘ಗೊತ್ತಿಲ್ಲ.’ ಎಲ್ಲರೂ ನಗುತ್ತಿದ್ದರು, ಆ ನಗು ಇನ್ನೂ ಕಿವಿಯಲ್ಲಿದೆ. ಸಭೆಗಳಲ್ಲಿ ರಾಮಣ್ಣ ಒಂದು ಮಾತು ಹೇಳಿದರೆ ನಾನು ಮೂರು ಸೇರಿಸುತ್ತಿದ್ದೆ. ಬಬಲೇಶ್ವರದಲ್ಲೊಬ್ಬರು, ರಾಮಣ್ಣಗಿಂತ ದುಭಾಷಿನೇ ಚಲೋ ಹೇಳ್ತಾನ ಅಂದಿದ್ದರು. ಅದು ನನ್ನ ತಲೆಗೇರಿತ್ತು.

ಆ ಸಂಜೆ ಸಾರವಾಡದಲ್ಲಿ ಕಟ್ಟೆಯ ಸುತ್ತ ಜನ ಕೂತಿದ್ದರು. ಹಾಡು ಮುಗಿದು ಪರಲೋಕದ ಮಾತು ನಡೆದಿತ್ತು. ಕುರಿ ಸಾಕುವ ಮನೆಯ ಹೆಂಗಸೊಬ್ಬಳು ಎದ್ದು ನಿಂತಳು. ಗಂಗವ್ವ. ಆ ಮಳೆಗಾಲದಲ್ಲಿ ಜ್ವರ ಬಂದು ಅವಳ ಐದು ವರ್ಷದ ಮಗ ಬಸು ತೀರಿಕೊಂಡಿದ್ದ.

“ನಿಮ್ಮ ದೇವರ ಮನಿಯಾಗ ನಮ್ಮ ಬಸು ಸಿಗ್ತಾನೇನ್ರಿ?”

ಇಂಗ್ಲಿಷಿನಲ್ಲಿ ತಿಳಿಸಿದೆ. ರಾಮಣ್ಣ ಅವಳ ಕಡೆ ತಿರುಗಿ ಹೇಳಿದರು — ತಾಯೀ, ನನಗೆ ಗೊತ್ತಿಲ್ಲ. ನಾನೂ ನನ್ನ ಮಗಳನ್ನು ಮಣ್ಣು ಮಾಡಿ ಬಂದವನು. ಸಿಗಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ. ನೋಡಿ ಬಂದವನ ಹಾಗೆ ಮಾತು ಕೊಡಲಾರೆ.

ಅವರ ಮಗಳ ವಿಷಯ ನನಗೂ ಅದೇ ಮೊದಲು ತಿಳಿದದ್ದು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಇಷ್ಟು ದೂರದಿಂದ ಬಂದವನು ಗೊತ್ತಿಲ್ಲ ಎಂದರೆ ಜನ ಎದ್ದು ಹೋಗುತ್ತಾರೆ ಅನ್ನಿಸಿತು. ಕರುಣೆಯಿಂದ ಹಾಗೆ ಹೇಳಿದೆ ಎಂದು ಬರೆಯಲು ಈಗ ಆಸೆಯಾಗುತ್ತದೆ — ಅಲ್ಲ. ಸಭೆ ಕೆಟ್ಟೀತೆಂದು ಹೇಳಿದೆ.

“ಸಿಗ್ತಾನವ್ವಾ, ಖರೇ ಸಿಗ್ತಾನ. ನೀ ನಂಬಿದ್ರ ಸಾಕು.”

ಗಂಗವ್ವ ಕಣ್ಣೀರಿನಲ್ಲೇ ನಕ್ಕಳು. ಅದನ್ನು ನೋಡಿ ರಾಮಣ್ಣ ಎದ್ದು ಅವಳಿಗೆ ಕೈಮುಗಿದರು. ವಾಪಸ್ಸು ಬರುವಾಗ ಜೀಪಿನಲ್ಲಿ, ‘ಗೊತ್ತಿಲ್ಲ’ ಕೇಳಿಸಲಿಲ್ಲವಲ್ಲ, ನಾನಂದದ್ದನ್ನೆಲ್ಲ ಹೇಳಿದೆಯಾ ಎಂದು ಕೇಳಿದರು. ಬೇರೆ ಮಾತಿನಲ್ಲಿ ಎಲ್ಲ ಹೇಳಿದೆ ಎಂದೆ.

ಗಂಗವ್ವ ಭಾನುವಾರಕ್ಕೊಮ್ಮೆ ಬಸ್ಸು ಹಿಡಿದು ಪ್ರಾರ್ಥನೆಗೆ ಬರತೊಡಗಿದಳು. ಸತ್ತವರಿಗೆ ಊಟ ಇಡುವ ಮಾನಮಿ ಅಮಾವಾಸ್ಯೆಗೆ, ಮಗನನ್ನು ಮಣ್ಣು ಮಾಡಿದ ಗುಂಡಿಯ ಹತ್ತಿರ ಎಡೆ ಹಿಡಿಯಲೋ ಬೇಡವೋ ಎಂದು ಕೇಳಿದಳು. ರಾಮಣ್ಣನನ್ನು ಕೇಳುವ ಗೋಜಿಗೇ ಹೋಗಲಿಲ್ಲ ನಾನು. ಹುಡುಗ ದೇವರ ಹತ್ತಿರ ಇದ್ದಾನೆ, ಇನ್ನೇಕೆ ಎಡೆ ಅಂದುಬಿಟ್ಟೆ. ಅವಳು ಬಿಟ್ಟಳು. ಗಂಡ ಭೀಮಪ್ಪ ಬಿಡಲಿಲ್ಲ. ಶೇಂಗಾ ಹೋಳಿಗೆಯನ್ನು ಟವೆಲಿನಲ್ಲಿ ಕಟ್ಟಿಕೊಂಡು ಒಬ್ಬನೇ ಹೋಗಿ ಇಟ್ಟು ಬಂದ. ಇದೇ ಮಾತಿಗೆ ಗಂಡ ಹೆಂಡತಿ ಮಾತು ಬಿಟ್ಟರು. ಅವಳೇ ಹೇಳಿದ್ದು, ನನ್ನ ಮೇಲೆ ಒಂದಿಷ್ಟೂ ಸಿಟ್ಟಿಲ್ಲದೆ. ನಾನು ತಲೆಯಾಡಿಸುತ್ತ ಕೇಳಿದೆ — ಥೂ, ಹೇಗೆ ಕೇಳಿದೆನೋ! ಮುಂದೆ ಭೀಮಪ್ಪ ತೀರಿಕೊಂಡ. ಅಷ್ಟರಲ್ಲಿ ರಾಮಣ್ಣನಿಗೆ ಸುವಾರ್ತೆ ಸಾರಲು ಬೇರೆ ಸೀಮೆಗೆ ಹೋಗಲು ಕರೆ ಬಂದಿತ್ತು.

ಹೋದ ತಿಂಗಳು ಅವರ ಹೆಂಡತಿ ಫೋನು ಮಾಡಿದರು. ರಾಮಣ್ಣ ಹೋಗಿಬಿಟ್ಟರಂತೆ. ಕೊನೆಗಾಲದಲ್ಲಿ ಸಾರವಾಡದ ತಾಯಿಯೊಬ್ಬಳನ್ನು ಬಹಳ ನೆನೆಯುತ್ತಿದ್ದರಂತೆ — ಗೊತ್ತಿಲ್ಲ ಎಂದರೂ ಅವಳು ನಕ್ಕಳಲ್ಲ, ಆ ನಗು ನೋಡಿದ ಮೇಲೆ ಮಗಳ ದುಃಖ ಹೊರುವುದು ತಮಗೂ ಸಾಧ್ಯವಾಯಿತು ಎಂದು. ಆ ಒಂದು ನಗು ತಮ್ಮ ಮನೆಯನ್ನೇ ಉಳಿಸಿತು ಎಂದರು ಅವರು. ನಾನು ಹೂಂ, ಹೂಂ ಎಂದೆ. ಅಷ್ಟೇ, ನಿಜ ಹೇಳಲಿಲ್ಲ.

ಮರುದಿನ ಸಾರವಾಡಕ್ಕೆ ಹೋದೆ. ಗಂಗವ್ವ ಮನೆ ಮುಂದೆ ಶೇಂಗಾ ಸುಲಿಯುತ್ತಿದ್ದಳು, ತಲೆ ಪೂರ್ತಿ ಬೆಳ್ಳಗಾಗಿದೆ. ಎಲ್ಲ ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು.

“ರಾಮಣ್ಣಂದೂ ಕೂಸು ಹೋಗಿತ್ತನ?”

ಹೌದವ್ವಾ, ಮಗಳು ಎಂದೆ.

“ಅವತ್ತ ಹೇಳಿದ್ರ ನಾ ಎದ್ದು ಹೋಗಿ ಅವರ ಬಾಜೂಕ ಕೂಡ್ತಿದ್ನೆಲ್ಲೋ ಯಪ್ಪಾ.” ಮಡಿಲಿನ ಸಿಪ್ಪೆ ಕೊಡವಿ, “ಏನ ಹೆಸರು ಆ ಕೂಸಿಂದು?”

“ಗೊತ್ತಿಲ್ಲ” ಎಂದೆ. ಅಂದು ಹೇಳಬೇಕಿದ್ದ ಮಾತು ಇಂದು ಬಾಯಿಗೆ ಬಂತು. ಅಷ್ಟು ವರ್ಷ ಅವರ ಜೊತೆ ತಿರುಗಿದರೂ ನಾನು ಕೇಳಿರಲಿಲ್ಲ.

“ಕೇಳ್ಕೊಂಡು ಬಾ. ಬರೋ ಮಾನಮಿ ಅಮಾಸಿಗೆ ಬಸೂಗ ಎಡಿ ಹಿಡಿತೀನಿ. ಆ ಕೂಸಿಗೂ ಹಿಡಿತೀನಿ. ಹೆಸರಿಲ್ಲದ ಹೆಂಗ ಕರೀಲಿ?”

ಇದನ್ನು ಬರೆಯುವಾಗ ಫೋನು ಪಕ್ಕದಲ್ಲೇ ಇದೆ. ಹೆಸರು ಏಕೆ ಬೇಕು ಎಂದು ರಾಮಣ್ಣನ ಹೆಂಡತಿ ಕೇಳುತ್ತಾರೆ. ಕೇಳಿದರೆ ಹೇಳಬೇಕು — ಆ ತಾಯಿ ನಕ್ಕದ್ದು ನಿಮ್ಮ ಗಂಡನ ಮಾತಿಗಲ್ಲ, ನನ್ನ ಸುಳ್ಳಿಗೆ ಎಂದು. ಅವರಿಗೆ ಉಳಿದಿರುವುದು ಅದೊಂದೇ ನಗು. ಈ ಸಲ ನಡುವೆ ದುಭಾಷಿ ಯಾರೂ ಇಲ್ಲ. ನಾನೇ ಹೇಳಬೇಕು. ಅವರ ನಂಬರು ಒತ್ತುತ್ತೇನೆ.