ಅಲ್ ಮಬೇಲಾದಲ್ಲಿ ಕಲ್ಲಿನೊಳಗಿನ ದಾರಿ ಹುಡುಕಿದ್ದು

ಕೆಲಸಕ್ಕೆ ಸೇರಿದ ಮೊದಲ ದಿನವೇ ಸಲೀಂ ಸರ್ ನನ್ನ ಕೈಗೊಂದು ಬಿಳಿ ಕಲ್ಲು ಕೊಟ್ಟು, "ನೆಕ್ಕಿ ನೋಡು" ಎಂದರು. ಅವರು ಅಲ್ ಮಬೇಲಾದ ನಮ್ಮ ಕಲ್ಲು ಪರೀಕ್ಷೆಯ ಲ್ಯಾಬಿನ ಮುಖ್ಯಸ್ಥರು, ಒಮಾನಿ. ನನ್ನೊಡನೆ ಹಿಂದಿಯಲ್ಲೇ ಮಾತು. ತಮಾಷೆಯೆಂದುಕೊಂಡರೆ ಮುಖದಲ್ಲಿ ನಗೆಯಿರಲಿಲ್ಲ. ನೆಕ್ಕಿದೆ. ನಾಲಿಗೆ ಕಲ್ಲಿಗೆ ಅಂಟಿಕೊಂಡಿತು.

"ಒಳಗಿನ ಸಣ್ಣ ತೂತುಗಳು ನಿನ್ನ ಎಂಜಲು ಹೀರುತ್ತಿವೆ. ನೆಲದಡಿಯ ಎಣ್ಣೆ ಕೂತಿರುವುದೂ ಇಂಥ ತೂತುಗಳಲ್ಲೇ."

ನಾನು ಕಾರ್ಕಳದ ಕರಿಕಲ್ಲಿನ ನಡುವೆ ಬೆಳೆದವಳು. ಅಲ್ಲಿ ಕಲ್ಲೆಂದರೆ ಹನಿ ನೀರೂ ಒಳಗಿಳಿಯದ್ದು. ಇಲ್ಲಿ ಕಲ್ಲೇ ಪಾತ್ರೆ.

ಹತ್ತಿರದ ಅಲ್ ಖೌದ್‌ನಲ್ಲಿ ಒಂದು ಕೋಣೆಯ ಫ್ಲ್ಯಾಟು ಸಿಕ್ಕಿತು. ಮೊದಮೊದಲ ಶುಕ್ರವಾರಗಳು ಸಾಗುತ್ತಲೇ ಇರಲಿಲ್ಲ. ರಜೆಯ ದಿನ ಮಾತಾಡಲು ಒಂದು ನರಪಿಳ್ಳೆಯಿಲ್ಲ. ಕೊನೆಗೆ ಪಕ್ಕದ ಮನೆಯ, ನಮ್ಮೂರ ಕಡೆಯ ಶಿರ್ವದ ಲಿಲ್ಲಿಬಾಯಿಯೇ ಬಾಗಿಲು ತಟ್ಟಿದರು. "ಎಂತ ಮಾರಾಯ್ತಿ, ಬರೇ ಮೊಸರನ್ನ ತಿಂದು ಕೂತಿದ್ದೀಯಾ? ಬಾ, ಮತ್ರಾದ ಮೀನು ಮಾರ್ಕೆಟಿಗೆ ಹೋಗುವ. ಬೂತಾಯಿ ಸಿಗ್ತದೆ." ನಮ್ಮ ಬೂತಾಯಿಗೆ ಇಲ್ಲಿ 'ಊಮಾ' ಎನ್ನುತ್ತಾರೆ. ನಾನು ಕಲಿತ ಮೊದಲ ಅರಬ್ಬಿ ಪದ ಅದೇ.

ಐದನೆಯ ತಿಂಗಳಲ್ಲಿ ಮರುಭೂಮಿಯ ಒಂದು ಎಣ್ಣೆಬಾವಿಯಿಂದ ಕೊರೆದು ತೆಗೆದ ಕಲ್ಲಿನ ದಿಂಡುಗಳು ಬಂದವು. ಒಂದು ಕಡೆಯಿಂದ ನೀರು ನುಗ್ಗಿಸಿ ಎಣ್ಣೆಯನ್ನು ಈ ಬಾವಿಯತ್ತ ತಳ್ಳುತ್ತಿದ್ದರು. ಆದರೆ ಬಾವಿಯಲ್ಲಿ ಎಣ್ಣೆಗಿಂತ ನೀರೇ ಹೆಚ್ಚು ಬರುತ್ತಿತ್ತು. ಅಲ್ಲಿಯ ನೆಲದಡಿಯ ಕಲ್ಲಿನ ಹಳೆಯ ನಕ್ಷೆಯಲ್ಲಿ ನಡುವಿನ ಪದರ ಪೂರ್ತಿ ಒಂದೇ ಬಣ್ಣ, ಏಕೆಂದರೆ ಎಲ್ಲೆಡೆ ತೂತುಗಳ ಪ್ರಮಾಣ ಒಂದೇ. ನಾನು ತುಂಡುಗಳನ್ನು ಅಳೆದಾಗ ಬೇರೆಯೇ ಕಂಡಿತು. ಪದರದ ನಡುವಿನ ತೆಳು ಪಟ್ಟಿಯೊಂದರಲ್ಲಿ, ತೂತಿನಿಂದ ತೂತಿಗೆ ಹೋಗುವ ದಾರಿಗಳು ಉಳಿದೆಡೆಗಿಂತ ಬಹಳ ಅಗಲ. ನೀರು ಅಲ್ಲೇ ಓಡುತ್ತದೆ. ಮೇಲಿನ, ಕೆಳಗಿನ ಎಣ್ಣೆ ಅಲುಗುವುದೇ ಇಲ್ಲ.

ಸಲೀಂ ಸರ್ ವರದಿ ಓದಿ ಗಡ್ಡ ತುರಿಸಿಕೊಂಡರು. "ಆ ನಕ್ಷೆ ಮಾಡಿದವನು ನಾನು."

ನನ್ನ ಪ್ರೊಬೇಶನ್ ಮುಗಿಯಲು ಇನ್ನೂ ಒಂದು ತಿಂಗಳಿತ್ತು. "ಸರ್, ಮತ್ತೊಮ್ಮೆ ಅಳೆಯುತ್ತೇನೆ," ಎಂದೆ. ಎರಡು ವಾರ ಅಳೆದೆ. ಉತ್ತರ ಬದಲಾಗಲಿಲ್ಲ. ಅದೇ ವರದಿಯನ್ನು ಮತ್ತೆ ಅವರ ಮುಂದಿಟ್ಟೆ.

ಅವರು ಅದನ್ನು ನನ್ನ ಹೆಸರಲ್ಲೇ ಎಣ್ಣೆ ಕಂಪನಿಗೆ ಕಳಿಸಿದರು. ಬಾವಿಯೊಳಗೆ ಉಪಕರಣ ಇಳಿಸಿ ನೋಡಿದವರ ಉತ್ತರ ಬರಲು ಮೂರು ವಾರ ಹಿಡಿಯಿತು. ನೀರು ಬರುತ್ತಿದ್ದದ್ದು ಆ ಪಟ್ಟಿಯಿಂದಲೇ. ಸಲೀಂ ಸರ್ ಹಲ್ವದ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟು, "ಖಲಾಸ್, ಹಳೇ ನಕ್ಷೆಯ ಕಥೆ ಮುಗಿಯಿತು. ಯಲ್ಲಾ, ಹೊಸದನ್ನು ನೀನೇ ಬಿಡಿಸು," ಎಂದರು. ಖಲಾಸ್ ಎಂದರೆ ಮುಗಿಯಿತು, ಯಲ್ಲಾ ಎಂದರೆ ನಡಿ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರನ್ನು ಮೊದಲ ಸಲ ಕಂಡೆ.

ಆ ಸಂಜೆ ಲ್ಯಾಬಿನ ವ್ಯಾನಿನಲ್ಲಿದ್ದಾಗ ಊರಿಂದ ಅಕ್ಕನ ಫೋನು. "ಎಲ್ಲಿದ್ದಿ?"

"ಮನೆಗೆ ಹೊರಟಿದ್ದೇನೆ."

"ಹೌದಾ! ಹೇಳ್ಲೇ ಇಲ್ಲ ನೀನು. ವಿಮಾನ ಎಷ್ಟು ಗಂಟೆಗೆ? ಭಾವನನ್ನು ಕಳಿಸ್ತೇನೆ."

"ಅಲ್ಲ ಅಕ್ಕ," ಎಂದೆ, "ಇಲ್ಲಿಯ ಮನೆಗೆ."

ಅವಳು ಮೆಲ್ಲಗೆ ಕೇಳಿದಳು: "ಹಾಗಾದ್ರೆ ಇಲ್ಲಿಯ ಮನೆಗೆ ಯಾವಾಗ?"