ಸವದತ್ತಿಗೆ ಎರಡು ಸೈಕಲ್ಲು

ಇವತ್ತು ಬೆಳಿಗ್ಗೆ ಅಂಗಳದಿಂದ ಪಂಕ್ಚರ್ ಸೊಲ್ಯೂಷನ್ನಿನ ವಾಸನೆ ಬಂತು. ಅಣ್ಣನ ಮಗಳು ಗೀತಾ ದಪ್ಪ ಗಾಲಿಯ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಟ್ಯೂಬಿಗೆ ತೇಪೆ ಹಚ್ಚುತ್ತಿದ್ದಳು. ಮುಂದಿನ ತಿಂಗಳು ಗೆಳತಿಯರ ಜೊತೆ ಡೆಹ್ರಾಡೂನಿಗೆ ಹೋಗಿ ಅಲ್ಲಿಯ ಬೆಟ್ಟಗಳಲ್ಲಿ ಸೈಕಲ್ ಹೊಡೆಯುತ್ತಾಳಂತೆ.

“ಅತ್ತಿ, ನಿಮ್ಮ ಸವದತ್ತಿ ಕತಿ ಇನ್ನೊಮ್ಮಿ ಹೇಳ್ರಿ,” ಅಂದಳು.

ನೀವೂ ಕೇಳಿ. ಎಪ್ಪತ್ತರ ದಶಕದ ಮಾತು. ನಾನೂ ಸುಶೀಲಾಳೂ ಬೈಲಹೊಂಗಲದ ಒಂದು ಸಾಲೆಗೆ ಪಾಠ ಹೇಳಲು ಹೊಸದಾಗಿ ಸೇರಿದ ಅಕ್ಕೋರು. ಸಾಲೆ ಬಿಟ್ಟ ಮೇಲೆ ಬಯಲಿನಲ್ಲಿ ಅವಳು ನನಗೆ ಸೈಕಲ್ ಕಲಿಸಿದಳು. ಸೀರೆ ಉಟ್ಟ ಅಕ್ಕೋರು ಬೀಳುವುದನ್ನು ನೋಡಲು ಬೇಲಿಯ ಆಚೆ ಅರ್ಧ ಓಣಿ ನಿಂತಿರುತ್ತಿತ್ತು. ನನಗೆ ಬಹಳ ದಿನ ಎಡಕ್ಕೆ ತಿರುಗಲು ಮಾತ್ರ ಬರುತ್ತಿತ್ತು. ಹಾಗಾಗಿ, ಸವದತ್ತಿಗೆ ಸೈಕಲ್ ಮೇಲೆ ಹೋಗೋಣ ಎಂದು ಸುಶೀಲಾ ಅಂದಾಗ ನಾನು ಮೊದಲು ಕೇಳಿದ್ದು, ದಾರಿಯಲ್ಲಿ ಬಲಕ್ಕೆ ಎಷ್ಟು ತಿರುವುಗಳಿವೆ ಎಂದು.

ಸವದತ್ತಿ ಅವಳ ತವರು. ಗುಡ್ಡದ ಬುಡದಲ್ಲಿ ಬಿಸಿಲು ಕಾಯಿಸುತ್ತ ಕೂತಂಥ ಊರು. ಗುಡ್ಡದ ರಸ್ತೆಯಲ್ಲಿ ಸೈಕಲ್ ತಳ್ಳಿಕೊಂಡು ಏರುವುದು, ಪೆಡಲು ತುಳಿಯದೆ ಇಳಿಯುವುದು, ಅವಳ ಮನೆಯಲ್ಲಿ ಊಟ. ಹದಿನೈದು ದಿನ ನಮಗೆ ಬೇರೆ ಮಾತೇ ಇರಲಿಲ್ಲ.

ಊಟದ ಮಾತು ನಮ್ಮವ್ವನಿಗೆ ಹಿಡಿಸಲಿಲ್ಲ. ನಮ್ಮದು ಲಿಂಗಾಯತರ ಮನೆ. ಸುಶೀಲಾಳ ಮನೆಯವರು ಬೌದ್ಧರಾಗಿದ್ದರು. ಆದರೆ ಊರಿನ ಕಣ್ಣಲ್ಲಿ ಅವರ ಹಳೆಯ ಜಾತಿ ಹಾಗೇ ಇತ್ತು. ಹೊರಡುವ ಮುಂಜಾನೆ ಅವ್ವ ರೊಟ್ಟಿಯ ಗಂಟು ಕೈಗಿಟ್ಟು, “ಹೋಗಬ್ಯಾಡ ಅನ್ನೂದಿಲ್ಲ. ಅಲ್ಲಿ ಮಾತ್ರ ಉಣ್ಣಬ್ಯಾಡ,” ಅಂದಳು. ನಾನು ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡೆ.

ದಾರಿಯ ಎರಡೂ ಬದಿ ಬಿಳಿಜೋಳ ತೆನೆ ಬಿಟ್ಟಿತ್ತು. ಗುಡ್ಡ ಏರುವಾಗ ಮೂರು ಸಲ ಕೂತೆ; ಅವ್ವನ ರೊಟ್ಟಿ ಅಲ್ಲೇ ಮುಗಿಯಿತು. ಇಳಿಯುವಾಗ ಸೆರಗು ಬಾವುಟದ ಹಾಗೆ ಹಾರಿತು. “ಬ್ರೇಕ್ ಹಿಡೀರಿ ಅಕ್ಕೋರ!” ಎಂದು ಸುಶೀಲಾ ಹಿಂದಿನಿಂದ ಕೂಗುತ್ತಿದ್ದಳು. ನಾನು ಹಿಡಿಯಲಿಲ್ಲ. ಅಷ್ಟು ಜೋರಾಗಿ ನಾನು ಆಮೇಲೆ ಯಾವತ್ತೂ ನಕ್ಕಿಲ್ಲ.

ಅವಳ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರವಿತ್ತು. ಒಳಗಿನಿಂದ ಬದನೆಕಾಯಿ ಪಲ್ಲೆಯ ಘಮ. ಅವಳ ತಾಯಿ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಮುಂದೆ ನಾಲ್ಕು ಬಾಳೆಹಣ್ಣು ಇಟ್ಟಳು.

“ಸಿಪ್ಪಿ ಸುಲಿದಿಲ್ರಿ ಅಕ್ಕೋರ. ಹಣ್ಣಿಗೇನೂ ಆಗೂದಿಲ್ಲ, ತಿನ್ರಿ.”

ಅವಳ ದನಿಯಲ್ಲಿ ಚುಚ್ಚುಮಾತಿನ ಸುಳಿವೇ ಇರಲಿಲ್ಲ. ನನಗೆ ತೊಂದರೆಯಾಗಬಾರದೆಂದು ಆಕೆ ಮೊದಲೇ ಪೇಟೆಗೆ ಹೋಗಿ ತಂದಿದ್ದಳು. ‘ರೊಟ್ಟಿ ಹಾಕ್ರಿ’ ಎಂಬ ಮಾತು ನನ್ನ ಗಂಟಲ ತನಕ ಬಂದಿತ್ತು. ಆದರೆ ನಾನು ಬಾಳೆಹಣ್ಣು ತಿಂದೆ.

ತಿರುಗಿ ಬರುವಾಗ ಒಂದು ಬೇವಿನ ಮರದ ಕೆಳಗೆ ಸುಶೀಲಾ ಸೈಕಲ್ ನಿಲ್ಲಿಸಿ ಡಬ್ಬಿ ತೆರೆದಳು. ರೊಟ್ಟಿ, ಬದನೆಕಾಯಿ.

“ಉಣ್ರಿ. ಇಲ್ಲಿ ಯಾರೂ ನೋಡೂದಿಲ್ಲ.”

ಉಂಡೆ. ಹಸಿವೆಯೂ ಇತ್ತು, ನಾಚಿಕೆಯೂ ಇತ್ತು. ಅವಳು ಡಬ್ಬಿ ಮುಚ್ಚುತ್ತ, ನನ್ನ ಮುಖ ನೋಡದೆ ಅಂದಳು: “ನಮ್ಮವ್ವನ ಮುಂದ ಉಂಡಿದ್ರ ಛಲೋ ಇತ್ತು.”

ಮುಂದಿನ ಜೂನಿನಲ್ಲಿ ಅವಳಿಗೆ ರಾಮದುರ್ಗಕ್ಕೆ ವರ್ಗವಾಯಿತು. ಕಾಗದ ಬರೆಯುತ್ತಿದ್ದೆವು. ಮತ್ತೆ ಸವದತ್ತಿಗೆ ಹೋಗಬೇಕು, ಆ ತಾಯಿಯ ಪಂಕ್ತಿಯಲ್ಲಿ ಕೂರಬೇಕು ಎಂದುಕೊಳ್ಳುತ್ತಲೇ ವರ್ಷ ಕಳೆದೆ. ಆಮೇಲೆ ಸುಶೀಲಾಳ ಒಂದು ಕಾಗದದಲ್ಲಿ, ತನ್ನ ಅವ್ವ ತೀರಿಕೊಂಡಳು ಎಂದಿತ್ತು.

ಈ ಕತೆಯನ್ನು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ನನ್ನ ಕತೆಯಲ್ಲಿ ನಾನು ಸುಶೀಲಾಳ ಮನೆಯಲ್ಲೇ, ಅವಳ ತಾಯಿಯ ಎದುರೇ ಹೊಟ್ಟೆ ತುಂಬ ಉಂಡಿದ್ದೆ. ಕೇಳಿದವರೆಲ್ಲ ನನ್ನ ಧೈರ್ಯ ಹೊಗಳಿದ್ದಾರೆ. ಇವತ್ತು ಮಾತ್ರ ಯಾಕೋ ಬಾಳೆಹಣ್ಣು ಎಂದೇ ಹೇಳಿಬಿಟ್ಟೆ.

ಗೀತಾಳ ಕೈ ನಿಂತಿತು. “ಅತ್ತಿ, ಮೊದ್ಲ ಹಿಂಗ ಹೇಳಿದ್ದಿಲ್ಲಲ್ರಿ?”

“ಇಲ್ಲವಾ,” ಅಂದೆ. “ಆಗಿದ್ದು ಹಿಂಗ.”